ಕೋಳಿಯ ಮೈಯಲ್ಲಿ ಗಂಟು ಕಂಡರೆ ಮೊದಲು ಬೆರಳು, ಬ್ಲೇಡಲ್ಲ

ಸಾಕಿದ ಕೋಳಿಯ ಮೈಯಲ್ಲಿ ಗಂಟು ಸಿಕ್ಕ ಕೂಡಲೇ ಹೆಚ್ಚಿನವರು ಅದನ್ನು ಹಿಸುಕುತ್ತಾರೆ. ಏನೂ ಬಾರದಿದ್ದರೆ ಕೊಯ್ಯಲು ಹೊರಡುತ್ತಾರೆ. ಹೀಗೆ ಬದುಕಬಹುದಾಗಿದ್ದ ಕೋಳಿಗಳು ಸಾಯುವುದನ್ನು ನೋಡಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮೈಯ ಕುರುವಿನಲ್ಲಿ ಕೀವು ನೀರಾಗಿರುತ್ತದೆ, ಒಡೆದರೆ ಹರಿದುಹೋಗುತ್ತದೆ. ಕೋಳಿಯ ಕೀವು ಹಾಗಲ್ಲ. ಅದು ಮೇಣದಂತೆ ಗಟ್ಟಿಯಾಗಿ, ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಕೂತಿರುತ್ತದೆ. ಎಷ್ಟು ಹಿಸುಕಿದರೂ ಹೊರಗೆ ಬರುವುದಿಲ್ಲ. ನೋವು ಹೆಚ್ಚುತ್ತದೆ, ಸೋಂಕು ಇನ್ನೂ ಒಳಕ್ಕಿಳಿಯುತ್ತದೆ. ಅದೂ ಅಲ್ಲದೆ, ನೀವು ಗಂಟು ಎಂದುಕೊಂಡದ್ದು ಹಲವು ಸಲ ಗಂಟೇ ಆಗಿರುವುದಿಲ್ಲ.

ಹಿಡಿಯುವುದು

ಹಗಲು ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಕತ್ತಲಾದ ಮೇಲೆ ಕೋಲಿನ ಮೇಲೆ ಕೂತಿರುವಾಗ ಎತ್ತಿಕೊಳ್ಳಿ, ರೆಕ್ಕೆ ಮುಚ್ಚುವಂತೆ ಬಟ್ಟೆ ಸುತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ. ಬಟ್ಟೆ ಬಿಗಿಯಾಗಬಾರದು. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು, ಇಲ್ಲ. ಎದೆಗೂಡು ಮುಂದೆ ಹಿಂದೆ ಆಡಿದರಷ್ಟೇ ಅದಕ್ಕೆ ಉಸಿರು. ಎದೆ ಅದುಮಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ. ಅಂಗಾತ ಮಲಗಿಸಿ ಬಹಳ ಹೊತ್ತು ಇಡುವುದೂ ಬೇಡ.

ಗಂಟೋ ಅಲ್ಲವೋ ತಿಳಿಯುವುದು

ಎಡವುವುದು ಇಲ್ಲಿಯೇ, ಹಾಗಾಗಿ ಆತುರ ಬೇಡ. ತಲೆಯಿಂದ ಪಾದದವರೆಗೆ ಪುಕ್ಕಗಳನ್ನು ಬೆರಳಿನಿಂದ ಬಿಡಿಸುತ್ತ, ಚರ್ಮ ಕಾಣುವಂತೆ ಮಾಡಿಕೊಂಡು ಮುಟ್ಟಿ ನೋಡಿ. ಎಡಗಡೆ ಸಿಕ್ಕದ್ದನ್ನು ಬಲಗಡೆಗೆ ಹೋಲಿಸಿ. ಎರಡೂ ಕಡೆ ಒಂದೇ ಥರ ಇದ್ದರೆ ಅದು ದೇಹದ ಸಹಜ ಭಾಗವಾಗಿರುವ ಸಂಭವ ಹೆಚ್ಚು.

ಬಾಲದ ಬುಡದಲ್ಲಿ, ಬೆನ್ನಿನ ಮೇಲ್ಭಾಗದಲ್ಲಿ ಸಣ್ಣ ತೊಟ್ಟಿರುವ ಉಬ್ಬೊಂದು ಸಿಗುತ್ತದೆ. ಅದು ಎಣ್ಣೆಗ್ರಂಥಿ. ಕೋಳಿ ಕೊಕ್ಕಿನಿಂದ ಅಲ್ಲಿಯ ಎಣ್ಣೆ ತೆಗೆದು ಪುಕ್ಕಕ್ಕೆ ಸವರಿಕೊಳ್ಳುತ್ತದೆ. ಇದನ್ನೇ ಕುರುವೆಂದು ಹಿಸುಕುವವರಿದ್ದಾರೆ. ಅದು ಕೆಂಪಾಗಿ ಬಿಸಿಯಾಗಿದ್ದರೆ, ಒಂದೇ ಬದಿ ದಪ್ಪವಾಗಿದ್ದರೆ ಮಾತ್ರ ಚಿಂತಿಸಿ.

ಇನ್ನೊಂದು ಕ್ರಾಪ್, ಅಂದರೆ ತಿಂದದ್ದು ಮೊದಲು ಸೇರುವ ಚೀಲ. ಕತ್ತಿನ ಬುಡದಲ್ಲಿ, ಕೋಳಿಯ ಬಲಬದಿಗೆ ಇರುತ್ತದೆ. ಸಂಜೆ ಹೊಟ್ಟೆತುಂಬ ತಿಂದ ಕೋಳಿಯಲ್ಲಿ ಇದು ಚೆಂಡಿನಷ್ಟು ಉಬ್ಬಿರುವುದು ಸಹಜ. ಆದ್ದರಿಂದ ಸಂಜೆ ನೋಡಿ ತೀರ್ಮಾನಿಸಬೇಡಿ. ರಾತ್ರಿ ಗೂಡಿನಿಂದ ಕಾಳು ತೆಗೆದಿಟ್ಟು, ಬೆಳಿಗ್ಗೆ ಏನನ್ನೂ ಹಾಕುವ ಮೊದಲೇ ಮುಟ್ಟಿ ನೋಡಿ. ಚಪ್ಪಟೆಯಾಗಿದ್ದರೆ ಕೋಳಿ ಚೆನ್ನಾಗಿದೆ. ಬೆಳಿಗ್ಗೆಯೂ ಗಟ್ಟಿಮುದ್ದೆಯಾಗಿ ಸಿಕ್ಕರೆ ಉದ್ದ ಹುಲ್ಲೋ ದಾರವೋ ಸಿಕ್ಕಿಕೊಂಡಿರಬಹುದು. ನೀರು ತುಂಬಿದಂತೆ ತುಳುಕುತ್ತಿದ್ದು ಬಾಯಿಂದ ಹುಳಿನಾತ ಬಂದರೆ ಒಳಗೆ ಯೀಸ್ಟ್ ಬೆಳೆದಿದೆ.

ಮುದ್ದೆಗಟ್ಟಿದ್ದರೆ ಆ ದಿನ ಕಾಳು ನಿಲ್ಲಿಸಿ, ನೀರು ಮಾತ್ರ ಇಡಿ, ಚೀಲವನ್ನು ಬೆರಳ ತುದಿಯಿಂದ ಆಗಾಗ ಮೃದುವಾಗಿ ನೀವಿ. ಮರುದಿನವೂ ಕರಗದಿದ್ದರೆ ವೈದ್ಯರ ಬಳಿಗೆ ಒಯ್ಯಿರಿ. ಹುಳಿನಾತ ಬಂದರೆ ಮರುದಿನದವರೆಗೂ ಕಾಯಬೇಡಿ, ಅದಕ್ಕೆ ಔಷಧಿ ಬೇಕು. ತಲೆಕೆಳಗೆ ಹಿಡಿದು ಕಕ್ಕಿಸುವ ವಿಡಿಯೋಗಳು ಬೇಕಾದಷ್ಟಿವೆ, ಅವನ್ನು ಅನುಸರಿಸಲೇಬೇಡಿ. ಕಕ್ಕಿದ ನೀರು ಶ್ವಾಸನಾಳಕ್ಕೆ ಹೋದರೆ ಕೋಳಿ ನಿಮಿಷಗಳಲ್ಲಿ ಸಾಯುತ್ತದೆ.

ಪಾದದ ಗಂಟು

ಅಂಗಾಲು ಊದಿ, ನಡುವೆ ಕಪ್ಪು ಹಕ್ಕಳೆಯೊಂದು ಕೂತಿದ್ದರೆ ಅದು ಬಂಬಲ್‌ಫುಟ್. ಸಣ್ಣ ಗಾಯದಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಆಗುವ ಸೋಂಕು, ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್. ಅದು ಮನುಷ್ಯರಿಗೂ ತಗಲುವುದರಿಂದ ಕೈಗವಸು ಹಾಕಿಕೊಂಡೇ ಮುಟ್ಟಿ.

ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು (ಮೆಗ್ನೀಸಿಯಂ ಸಲ್ಫೇಟ್) ಬೆರೆಸಿ ಪಾದವನ್ನು 10ರಿಂದ 15 ನಿಮಿಷ ಅದ್ದಿಡಿ. ಕೊಳೆ ಬಿಡಿಸಿ, ಬೆರಳುಗಳ ಸಂದಿಯವರೆಗೂ ಒರೆಸಿ ಒಣಗಿಸಿ. ಈಗ ಸರಿಯಾಗಿ ನೋಡಿ. ಕೋಳಿ ಕುಂಟುತ್ತಿಲ್ಲ, ಊತ ಅಂಗಾಲಿನಲ್ಲಷ್ಟೇ ಇದೆ ಎಂದಾದರೆ ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ಹಚ್ಚಿ, ಗಾಯಕ್ಕೆ ಕಟ್ಟುವ ತೆಳು ಜಾಲರಿಬಟ್ಟೆಯ (ಗಾಜ್) ಮೆತ್ತೆ ಇಟ್ಟು, ತನಗೆ ತಾನೇ ಅಂಟಿಕೊಳ್ಳುವ ಬ್ಯಾಂಡೇಜ್ ಸುತ್ತಿ. ಪ್ಲಾಸ್ಟರ್ ಟೇಪು ಬೇಡ, ಬಿಚ್ಚುವಾಗ ಚರ್ಮವೂ ಕಿತ್ತುಬರುತ್ತದೆ. ಸುತ್ತಿದ ಅರ್ಧ ಗಂಟೆಗೆ ಬೆರಳುಗಳನ್ನು ಮುಟ್ಟಿ ನೋಡಿ: ತಣ್ಣಗಾಗಿದ್ದರೆ ಅಥವಾ ಊದಿದ್ದರೆ ಕಟ್ಟು ಬಿಗಿಯಾಗಿದೆ, ಬಿಚ್ಚಿ ಸಡಿಲವಾಗಿ ಕಟ್ಟಿ. ದಿನವೂ ಬದಲಿಸಿ. ಒದ್ದೆಯಾದ ಕಟ್ಟು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು.

ಹಕ್ಕಳೆಯನ್ನು ಅಗೆದು ಗಟ್ಟಿ ಕೀವನ್ನು ತೆಗೆಯುವ ಕೆಲಸ ಪಶುವೈದ್ಯರದು. ಅಂಗಾಲಿನ ಚರ್ಮದಡಿಯಲ್ಲೇ ಸ್ನಾಯುರಜ್ಜು, ಅದರಾಚೆಗೆ ಮೂಳೆ; ರಕ್ತವೂ ಧಾರಾಳವಾಗಿ ಹರಿಯುತ್ತದೆ. ಅರಿವಳಿಕೆಯಿಲ್ಲದೆ ಇದನ್ನು ಮಾಡುವುದು ಹಿಂಸೆ. ಊತ ಮೇಲಕ್ಕೇರಿದ್ದರೆ, ಬೆರಳುಗಳ ನಡುವೆ ಹರಡಿದ್ದರೆ, ಪಾದ ಬಿಸಿಯಾಗಿದ್ದರೆ ಮನೆಯ ಆರೈಕೆ ಸಾಲದು.

ಕಾರಣ ಹಾಗೇ ಉಳಿದರೆ ಯಾವ ಮದ್ದೂ ನಿಲ್ಲುವುದಿಲ್ಲ. ಕೂರುವ ಕೋಲು ಸುಮಾರು 5 ಸೆಂಟಿಮೀಟರ್ ಅಗಲದ, ಅಂಚು ಉಜ್ಜಿ ದುಂಡಗೆ ಮಾಡಿದ ಮರದ್ದಾಗಿರಲಿ. ಪ್ಲಾಸ್ಟಿಕ್ ಮತ್ತು ಕಬ್ಬಿಣದ ಪೈಪುಗಳನ್ನು ನಾನು ಒಪ್ಪುವುದಿಲ್ಲ, ಕಾಲು ಜಾರುತ್ತದೆ. ಎತ್ತರ ಕಡಿಮೆ ಇರಲಿ. ಭಾರದ ಕೋಳಿ ಎತ್ತರದಿಂದ ಧುಮುಕಿದ ಪ್ರತಿಸಲವೂ ಅಂಗಾಲಿಗೆ ಪೆಟ್ಟು.

ಮುಖ ಮತ್ತು ಜುಟ್ಟು

ಜುಟ್ಟು, ಗಲ್ಲದ ಜೋಲು, ಕಣ್ಣಿನ ಸುತ್ತ ನರುಲಿಯಂಥ ಗಂಟುಗಳೆದ್ದು ಕಂದು ಹಕ್ಕಳೆಗಟ್ಟಿದರೆ ಅದು ಕೋಳಿ ಸಿಡುಬು. ಸೊಳ್ಳೆಯಿಂದ ಹರಡುತ್ತದೆ. ವೈರಸ್ಸಿಗೆ ಮದ್ದಿಲ್ಲ, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ತಾನಾಗಿ ಮಾಯುತ್ತದೆ. ಹಕ್ಕಳೆ ಕೀಳಬೇಡಿ, ಉದುರಿದ ಹಕ್ಕಳೆಯಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ. ಆದರೆ ಬಾಯಿ ತೆರೆಸಿ ನೋಡಲೇಬೇಕು. ಒಳಗೆ ಹಳದಿ ಪದರ ಕಂಡರೆ ಉಸಿರಾಟಕ್ಕೇ ಅಪಾಯ, ಕೂಡಲೇ ವೈದ್ಯರು ನೋಡಬೇಕು.

ಕಪ್ಪು ಚುಕ್ಕೆಗಳು ಗುಂಪಾಗಿ ಅಂಟಿಕೊಂಡಂತಿದ್ದರೆ ಭೂತಗನ್ನಡಿ ಹಿಡಿಯಿರಿ, ಅವು ಚಿಗಟಗಳಾಗಿರಬಹುದು. ಸೀಮೆಎಣ್ಣೆ ಹಚ್ಚಬೇಡಿ, ಚರ್ಮ ಸುಡುತ್ತದೆ. ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಸವರಿದರೆ ಅವು ಉಸಿರುಕಟ್ಟಿ ಸಾಯುತ್ತವೆ. ಕಣ್ಣಿನ ಕೆಳಗೆ ಊದಿ, ಮೂಗು ಸೋರಿ ದುರ್ನಾತ ಬಂದರೆ ಸೈನಸ್ ಸೋಂಕು. ಆ ಕೋಳಿಯನ್ನು ಅಂದೇ ಬೇರೆ ಮಾಡಿ. ತಲೆಯೆಲ್ಲ ಊದಿ, ಜುಟ್ಟು ನೀಲಿಗಟ್ಟಿ, ಕೋಳಿಗಳು ಒಂದರ ಹಿಂದೊಂದು ಸಾಯುತ್ತಿದ್ದರೆ ಹಕ್ಕಿಜ್ವರದ ಶಂಕೆ. ಮುಟ್ಟಬೇಡಿ, ಪಶುಸಂಗೋಪನೆಯ ಅಧಿಕಾರಿಗಳಿಗೆ ತಿಳಿಸಿ.

ಮೈ ಮತ್ತು ಹೊಟ್ಟೆ

ಚರ್ಮದಡಿ ಗಾಳಿ ತುಂಬಿ ಉಬ್ಬಿ, ಒತ್ತಿದರೆ ಚರಚರ ಎಂದರೆ ಕೋಳಿಯ ಉಸಿರಾಟದ ಗಾಳಿಚೀಲವೊಂದು ಹರಿದಿದೆ. ಎದೆಮೂಳೆಯ ಮೇಲಿನ ಮೆತ್ತನೆಯ ಗುಳ್ಳೆ ಹೆಚ್ಚಾಗಿ ಗಟ್ಟಿನೆಲದ, ಒರಟು ಕೋಲಿನ ಒತ್ತಡದಿಂದ ಆದದ್ದು. ಪುಕ್ಕದ ಬುಡಗಳಲ್ಲಿ ಗಟ್ಟಿ ಗಂಟುಗಳು ಸಾಲಾಗಿ ಎದ್ದಿದ್ದರೆ, ಜೊತೆಗೆ ಕಾಲು ಸೋತು ಒಂದು ಮುಂದೆ ಒಂದು ಹಿಂದೆ ಚಾಚಿದರೆ ಮಾರೆಕ್ಸ್ ಎಂಬ ವೈರಸ್ ರೋಗವಿರಬಹುದು. ಅದಕ್ಕೆ ಚಿಕಿತ್ಸೆಯಿಲ್ಲ; ಮರಿ ಹುಟ್ಟಿದ ದಿನವೇ ಕೊಡುವ ಲಸಿಕೆಯೊಂದೇ ರಕ್ಷಣೆ.

ಹೇಂಟೆಯ ಹೊಟ್ಟೆ ಊದಿ, ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಂತರೆ ಒಳಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು ಅಥವಾ ದ್ರವ ತುಂಬಿರಬಹುದು. ಮೊಟ್ಟೆ ಸಿಕ್ಕಿದ್ದರೆ ಉಳಿದಿರುವುದು ಕೆಲವು ಗಂಟೆಗಳಷ್ಟೇ. ಬೆಚ್ಚಗಿನ ನೀರಿನಲ್ಲಿ ಕೂರಿಸಿ, ಬಳಿಕ ಒರೆಸಿ ಕತ್ತಲ ಜಾಗದಲ್ಲಿಡಿ. ಅಷ್ಟಕ್ಕೂ ಮೊಟ್ಟೆ ಬಾರದಿದ್ದರೆ ವೈದ್ಯರೇ ಗತಿ. ಹೊಟ್ಟೆ ಒತ್ತಬೇಡಿ, ಒಳಗೆ ಮೊಟ್ಟೆ ಒಡೆದರೆ ಚಿಪ್ಪು ಗರ್ಭನಾಳವನ್ನು ಸೀಳುತ್ತದೆ.

ಔಷಧಿಯ ವಿಷಯ

ಎಲ್ಲ ರೋಗಕ್ಕೂ ಒಂದೇ ಎಂದು ಮಾರುವ ಆಂಟಿಬಯೋಟಿಕ್ ಪುಡಿಗಳನ್ನು ಊಹೆಯ ಮೇಲೆ ಕೊಡಬೇಡಿ. ವೈರಸ್ಸಿಗೂ ಗೆಡ್ಡೆಗೂ ಅವು ತಟ್ಟುವುದೇ ಇಲ್ಲ, ಮೊಟ್ಟೆ ತಿನ್ನುವವರ ಹೊಟ್ಟೆಗೆ ಮಾತ್ರ ಸೇರುತ್ತವೆ. ವೈದ್ಯರು ಬರೆದುಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಅಲ್ಲೇ ಕೇಳಿಕೊಳ್ಳಿ. ಮನುಷ್ಯರ ನೋವಿನ ಮುಲಾಮುಗಳಲ್ಲಿ ಮರಗಟ್ಟಿಸುವ ಅಂಶವಿದ್ದರೆ ಅದೂ ಬೇಡ, ಪುಟ್ಟ ದೇಹಕ್ಕೆ ವಿಷವಾಗಬಹುದು.

ಏನೆಂದು ತಿಳಿಯದ ಸಣ್ಣ ಗಂಟಿದ್ದು ಕೋಳಿ ಲವಲವಿಕೆಯಿಂದ ಮೇಯುತ್ತಿದ್ದರೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಕೋಳಿಯನ್ನು ತೂಗಿ ಬರೆದಿಡಿ. ವಾರದ ಬಳಿಕ ಮತ್ತೆ ಅದನ್ನೇ ಮಾಡಿ. ಗಂಟು ಬೆಳೆದಿದ್ದರೆ ಅಥವಾ ತೂಕ ಇಳಿದಿದ್ದರೆ ಫೋಟೋ ಸಮೇತ ವೈದ್ಯರಿಗೆ ತೋರಿಸಿ. ಆರೈಕೆಯ ನಡುವೆ ಕೋಳಿ ಸತ್ತರೆ, ಉಳಿದವುಗಳ ಸಲುವಾಗಿ ಮರಣೋತ್ತರ ಪರೀಕ್ಷೆ ಮಾಡಿಸಿ. ಕಳೇಬರವನ್ನು ಎರಡು ಚೀಲಗಳಲ್ಲಿ ಕಟ್ಟಿ ತಣ್ಣಗಿಡಿ, ಹೆಪ್ಪುಗಟ್ಟಿಸಬೇಡಿ; ಹೆಪ್ಪುಗಟ್ಟಿದರೆ ಅಂಗಾಂಶ ಹಾಳಾಗಿ ಪರೀಕ್ಷೆಯಲ್ಲಿ ಕಾರಣ ಸಿಗುವುದು ಕಷ್ಟವಾಗುತ್ತದೆ.