ಒಡ್ಡೋಲಗದಲ್ಲಿ ಅವಳ ಹೆಸರು: ಒಂದು ಪ್ರಸಂಗ ಬರೆದು ಕುಣಿದ ನನ್ನ ಅನುಭವ

ಯಕ್ಷಗಾನದಲ್ಲಿ ವೀರವನಿತೆಯರಿಗೆ ಬರವಿಲ್ಲ. ಪ್ರಮೀಳೆ ಅರ್ಜುನ ಕಾಯುತ್ತಿದ್ದ ಯಜ್ಞದ ಕುದುರೆಯನ್ನೇ ಕಟ್ಟಿಹಾಕುತ್ತಾಳೆ, ಮೀನಾಕ್ಷಿ ದಿಗ್ವಿಜಯಕ್ಕೆ ಹೊರಡುತ್ತಾಳೆ. ಆದರೆ ಅವರೆಲ್ಲ ಕಸೆ ಸ್ತ್ರೀವೇಷದಲ್ಲಿ, ಅಂದರೆ ಕಚ್ಚೆ ಬಿಗಿದ ವೀರವನಿತೆಯ ಹೆಣ್ಣುವೇಷದಲ್ಲಿ, ರಂಗಕ್ಕೆ ಬರುವವರು. ಹೆಣ್ಣೆಂದು ಗೊತ್ತಿದ್ದೇ ಎದುರಾಳಿ ಕತ್ತಿ ಹಿರಿಯುತ್ತಾನೆ. ನಾನು ಬರೆಯಲು ಹೊರಟದ್ದು ಗಂಡುವೇಷ ತೊಟ್ಟು ದಂಡಿಗೆ ಸೇರಿದ, ಯುದ್ಧ ಗೆದ್ದ, ಕೊನೆಗೆ ಅರಸನ ಮುಂದೆ ನಿಂತು ತನ್ನ ಹೆಸರನ್ನು ತಾನೇ ವಾಪಸು ಕೇಳುವ ಹುಡುಗಿಯ ಕಥೆ. ಪ್ರಸಂಗ, ಅಂದರೆ ಆಟದ ಪದ್ಯಕೃತಿ, ಬರೆದವಳೂ ನಾನೇ, ಆ ವೇಷ ಮಾಡಿದವಳೂ ನಾನೇ. ಯುದ್ಧದ ಭಾಗ ಬರೆಯುವುದು ಕಷ್ಟವಾಗಲಿಲ್ಲ. ಏರುಪದ್ಯ (ವೇಗದ ವೀರಪದ್ಯ), ಚಂಡೆಯ ಪೆಟ್ಟು, ಕುಣಿತ ಸೇರಿದರೆ ಯುದ್ಧ ತಾನಾಗಿ ನಡೆಯುತ್ತದೆ. ನನ್ನನ್ನು ಕಾಡಿದ್ದು ಆಸ್ಥಾನದ ದೃಶ್ಯ.

ಕಥೆ ಇಷ್ಟು. ಮನೆಗೊಬ್ಬ ಗಂಡಾಳು ದಂಡಿಗೆ ಬರಬೇಕೆಂದು ಅರಸನ ಡಂಗುರ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ತಮ್ಮ ಇನ್ನೂ ಬಾಲಕ. ಅಕ್ಕ ತಮ್ಮನ ಹೆಸರು ಹೇಳಿಕೊಂಡು ಹೋಗುತ್ತಾಳೆ, ಪಾಳೆಯ ಉಳಿಸುತ್ತಾಳೆ, ಅರಸ ಉಂಬಳಿ ಬರೆಯಿಸುತ್ತಾನೆ. ಓಲೆಯಲ್ಲಿ ಇರುವುದು ತಮ್ಮನ ಹೆಸರು. ಗುಟ್ಟು ಬಯಲಾದಾಗ ಒಬ್ಬ ಸಾಮಂತ ಎದ್ದು ನಿಂತು ಕೇಳುತ್ತಾನೆ: “ಯುದ್ಧಕ್ಕೆ ಹೋದವರಿಗೆ ಹೆಸರಿಲ್ಲ, ಹೆಸರಿದ್ದವನು ಯುದ್ಧಕ್ಕೆ ಹೋಗಿಲ್ಲ. ಉಂಬಳಿ ಯಾರಿಗೆ ಪ್ರಭೂ?” ಈ ಪ್ರಶ್ನೆ ಹೊಳೆದ ದಿನ ದೃಶ್ಯಕ್ಕೆ ಬೆನ್ನೆಲುಬು ಸಿಕ್ಕಿತು. ಸಾಮಂತನನ್ನು ಬರೀ ಕೆಟ್ಟವನನ್ನಾಗಿ ಮಾಡಿದ್ದರೆ ಅವನನ್ನು ಗದರಿಸಿ ಕೂರಿಸಿದರೆ ಮುಗಿಯಿತು. ಅವನ ಪ್ರಶ್ನೆಯಲ್ಲಿ ನ್ಯಾಯವಿದ್ದದ್ದರಿಂದಲೇ ಅರಸನಿಗೂ ನನಗೂ ಉತ್ತರ ಹುಡುಕಬೇಕಾಯಿತು.

ಬರೆಯುವ ಮೊದಲು ಇಂಥ ಹೆಂಗಸರಿಗೆ ಆಸ್ಥಾನಗಳು ನಿಜವಾಗಿ ಏನು ಕೊಟ್ಟವು ಎಂದು ಓದಿದೆ. ಚೀನಾದ ಮೂಲನ್ ಬಗೆಗಿನ ಹಳೆಯ ಲಾವಣಿಯಲ್ಲಿ ಆಸ್ಥಾನಕ್ಕೆ ಅವಳು ಹೆಣ್ಣೆಂಬುದು ಗೊತ್ತೇ ಆಗುವುದಿಲ್ಲ. ದೊರೆ ಪದವಿ ಕೊಡಲು ಬಂದರೆ ಬೇಡವೆಂದು ಊರಿಗೆ ಮರಳಲು ವಾಹನ ಕೇಳುತ್ತಾಳೆ. ಮನೆಯಲ್ಲಿ ಹಳೆಯ ಬಟ್ಟೆ ಉಟ್ಟು ಹೊರಬಂದಾಗಷ್ಟೇ 12 ವರ್ಷ ಜೊತೆಗಿದ್ದ ಸಂಗಾತಿಗಳು ಬೆರಗಾಗುತ್ತಾರೆ. ರಷ್ಯಾದ ನಾದೆಝ್ದಾ ದುರೊವಾ 1806ರಲ್ಲಿ ಗಂಡುಬಟ್ಟೆ ತೊಟ್ಟು ಮನೆ ಬಿಟ್ಟು ಅಶ್ವದಳ ಸೇರಿದವಳು. 1807ರ ಕೊನೆಗೆ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಅವಳನ್ನು ಪೀಟರ್ಸ್‌ಬರ್ಗಿಗೆ ಕರೆಸಿದ. ಒಬ್ಬ ಅಧಿಕಾರಿಯ ಪ್ರಾಣ ಉಳಿಸಿದ್ದಕ್ಕೆ ಪದಕ ಕೊಟ್ಟ, ಸೈನ್ಯದಲ್ಲಿ ಮುಂದುವರಿಯಲು ಅಪ್ಪಣೆಯನ್ನೂ ಕೊಟ್ಟ. ಆದರೆ ಅದಕ್ಕೆ ಅವನು ಕೊಟ್ಟ ಹೆಸರು ಅಲೆಕ್ಸಾಂದ್ರೊವ್, ಒಂದು ಗಂಡು ಹೆಸರು. ಅವಳಿಗೆ ಬೇಕಿದ್ದದ್ದೂ ಸೈನಿಕ ಬದುಕೇ, ಹಾಗಾಗಿ ಅದನ್ನು ಅನ್ಯಾಯ ಎನ್ನಲಾರೆ. ಆದರೂ ಓದುತ್ತಿದ್ದಂತೆ ನನ್ನ ನಾಯಕಿಯ ಹಟ ಏನೆಂಬುದು ನನಗೆ ಸ್ಪಷ್ಟವಾಯಿತು. ಒಂದು ಕಡೆ ಮರ್ಯಾದೆ ಸಿಕ್ಕಿ ಹೆಸರು ಹೊರಗುಳಿಯಿತು, ಇನ್ನೊಂದು ಕಡೆ ಹೆಸರು ಮನೆಯೊಳಗೇ ಉಳಿಯಿತು. ಇವಳಿಗೆ ಎರಡೂ ಒಂದೇ ಸಭೆಯಲ್ಲಿ ಬೇಕು.

ಮಾದರಿ ಸಿಕ್ಕಿದ್ದು ನಮ್ಮ ವಿರಾಟಪರ್ವದಲ್ಲೇ. ಅಲ್ಲಿ ವೇಷ ತಿರುಗುಮುರುಗು: ಗಂಡು ಬೃಹನ್ನಳೆಯಾಗಿದ್ದಾನೆ. ಶಮೀವೃಕ್ಷದ ಕೆಳಗೆ ಉತ್ತರಕುಮಾರ ನಂಬದೆ ನಿಂತಾಗ ಅರ್ಜುನ ಮೈ ತೋರಿಸುವುದಿಲ್ಲ, ತನ್ನ ಹತ್ತು ಹೆಸರು ಹೇಳುತ್ತಾನೆ. ಧನಂಜಯ ಏಕೆ, ವಿಜಯ ಏಕೆ, ಸವ್ಯಸಾಚಿ ಏಕೆ, ಪ್ರತಿ ಹೆಸರಿನ ಹಿಂದೆ ಒಂದು ಕಾರಣ ಇದೆ, ಅದೇ ಗುರುತು. ಮುಂದೆ ವಿರಾಟನ ಸಭೆಯಲ್ಲಿ ಪಾಂಡವರು ಅರಸರಿಗೆ ಮೀಸಲಾದ ಆಸನಗಳಲ್ಲಿ ಹೋಗಿ ಕುಳಿತೇ ಬಿಡುತ್ತಾರೆ. ವಿರಾಟ ಸಿಟ್ಟಾದ ಮೇಲೆ ಪರಿಚಯ. ಎಂಥ ಧೈರ್ಯದ ಕಟ್ಟುವಿಕೆ ಅದು! ನನ್ನ ದೃಶ್ಯಕ್ಕೆ ಆ ಎರಡನ್ನೂ ಇಟ್ಟುಕೊಂಡೆ: ಕೃತ್ಯದಿಂದ ಗುರುತು, ಆಸನದಿಂದ ಮರ್ಯಾದೆ. ಹೆಣ್ಣಾಗಿ ಹುಟ್ಟಿ ಗಂಡೆಂದು ಬೆಳೆದ ಶಿಖಂಡಿಯ ಕಥೆಯನ್ನೂ ನೋಡಿದೆ. ಅಲ್ಲಿ ಗುಟ್ಟು ರಟ್ಟಾಗುವುದು ಹೆಣ್ಣು ಕೊಟ್ಟ ಮಾವ ದಶಾರ್ಣದ ಅರಸನಿಗೆ ಅವಮಾನವಾಗಿ, ಅಪ್ಪ ದ್ರುಪದನಿಗೆ ಭಯವಾಗಿ. ಆ ದಾರಿ ನನಗೆ ಬೇಡವಾಗಿತ್ತು.

ಕೈಬರಹ ಓದಿದ ನಮ್ಮ ಭಾಗವತರು, ಆಟದ ಪದ್ಯ ಹಾಡಿ ರಂಗ ನಡೆಸುವವರು, ಮೊದಲು ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ. “ಎಂತ ಮಾರಾಯ್ತಿ, ತಲೆಯದ್ದು ಕಳಚಿ ಜಡೆ ಕೆಳಗೆ ಬೀಳದಿದ್ದರೆ ಅರಸನಿಗೆ ಗೊತ್ತಾಗುವುದು ಹೇಗೆ?” ಚಪ್ಪಾಳೆ ಖಾತ್ರಿ ಎಂಬುದು ನನಗೂ ಗೊತ್ತಿತ್ತು. “ಹೇಳಿದರೆ ಗೊತ್ತಾಗುವುದಿಲ್ಲವಾ ಭಾಗವತರೇ?” ಎಂದೆ. ಜಡೆ ಬಿಚ್ಚಿದ ಕ್ಷಣ ಸಭೆ ನೋಡುವುದು ಕೂದಲನ್ನು. ಅಷ್ಟು ಹೊತ್ತು ಯೋಧೆಯಾಗಿದ್ದವಳು ಒಮ್ಮೆಗೇ ನೋಡುವ ವಸ್ತುವಾಗುತ್ತಾಳೆ. ಮೇಲಾಗಿ ಪ್ರೇಕ್ಷಕರಿಗೆ ಅವಳು ಹೆಣ್ಣೆಂದು ಮೊದಲ ದೃಶ್ಯದಿಂದಲೇ ಗೊತ್ತು, ವೇಷ ಮಾಡಿದವಳು ಹೆಣ್ಣೆಂದು ಕರಪತ್ರದಿಂದಲೂ ಗೊತ್ತು. ಅವರಿಗೆ ಅಚ್ಚರಿ ಬೇಕಿಲ್ಲ. ಗೊತ್ತಾದ ಮೇಲೆ ಸಭೆ ಏನು ಮಾಡುತ್ತದೆ ಎಂಬ ಕುತೂಹಲ ಅವರದು. ಭಾಗವತರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಪದ್ಯ ಗಟ್ಟಿ ಬೇಕು” ಎಂದರು.

ಪದ್ಯವನ್ನು ಭಾಮಿನಿಯಲ್ಲಿ ಬರೆದೆ. ಕುಮಾರವ್ಯಾಸನ ಷಟ್ಪದಿ ಅದು. ತಾಳವಿಲ್ಲದೆ ಹಾಡುವುದರಿಂದ ಚಂಡೆ ಮೌನವಾಗುತ್ತದೆ, ಪ್ರತಿ ಅಕ್ಷರ ಕಿವಿಗೆ ಬೀಳುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಆ ನಡೆಗೆ ಯೋಚಿಸಿ ಹೆಜ್ಜೆ ಇಡುವವರ ಘನತೆ ಇದೆ. ಮೊದಲರ್ಧ ಹೀಗೆ ಬಂತು:

ಹೆಣ್ಣು ನಾನಹುದೆನುವ ಮಾತನು
ಕಣ್ಣ ತಗ್ಗಿಸಿ ನುಡಿಯಲಾರೆನು
ಬಣ್ಣಬಟ್ಟೆಯ ಕಳಚೆ ಕಲಿತನ ಕಳಚಿ ಬೀಳುವುದೇ

ಭಾಗವತರು ಮೊದಲು ನೀಲಾಂಬರಿಯಲ್ಲಿ ಎತ್ತಿದರು. ಕರುಣರಸ ತುಂಬಿ ಬಂತು, ಕೇಳಲು ಚೆಂದವೇ. ಆದರೆ ಅವಳು ಅಳುತ್ತಿಲ್ಲವಲ್ಲ! ಆರಭಿಯಲ್ಲಿ ಹಾಡಿ ನೋಡಿದಾಗ ಬೆನ್ನು ನೆಟ್ಟಗಾಯಿತು. ಅದೇ ಉಳಿಯಿತು.

ಇನ್ನು ವೇಷದ ವಿಚಾರ. ದಂಡಿನ ಭಾಗಕ್ಕೆ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ವೇಷ ಆರಿಸಿಕೊಂಡೆ. ಅಭಿಮನ್ಯು, ಬಭ್ರುವಾಹನರಂಥ ಎಳೆಯ ವೀರರ ವೇಷ ಅದು, ಹರೆಯದ ಹುಡುಗನೆಂದು ನಂಬಿಸಲು ಹೇಳಿ ಮಾಡಿಸಿದಂತಿದೆ. ಕಾಡಿಗೆಯಲ್ಲಿ ಎಳೆದ ತೆಳುಮೀಸೆ ಅಷ್ಟೇ. ಆಸ್ಥಾನದ ದೃಶ್ಯದ ನಡುವೆ ಚೌಕಿಗೆ (ಬಣ್ಣದ ಮನೆಗೆ) ಹೋಗಿ ಕಸೆ ಸ್ತ್ರೀವೇಷ ಕಟ್ಟಿಕೊಂಡು ಬರಬಹುದಿತ್ತು, ಅಷ್ಟು ಹೊತ್ತು ಹಾಸ್ಯದವರು ರಂಗ ನಡೆಸುತ್ತಿದ್ದರು. ಬೇಡವೆಂದೆ. ಗೆದ್ದದ್ದು ಇದೇ ದಗಲೆ (ಮೇಲಂಗಿ) ತೊಟ್ಟು, ಇದೇ ಗೆಜ್ಜೆ ಕಟ್ಟಿದವಳು. ಮನ್ನಣೆಯೂ ಇದೇ ಉಡುಪಿಗೆ ಬರಬೇಕು. ಹೆಜ್ಜೆಯನ್ನೂ ಬದಲಿಸಲಿಲ್ಲ. ಗುಟ್ಟು ಹೇಳಿದ ಕೂಡಲೇ ಲಾಸ್ಯಕ್ಕೆ ಇಳಿದರೆ, ಅಷ್ಟು ಹೊತ್ತಿನ ಶೌರ್ಯ ನಟನೆ ಎಂದಂತಾಗುತ್ತದೆ. ಸ್ವರದಲ್ಲಿ ಮಾತ್ರ ಒಂದು ಬದಲಾವಣೆ ಮಾಡಿಕೊಂಡೆ. ಅಲ್ಲಿಯವರೆಗೆ ಗಂಟಲು ಒತ್ತಿ ತಗ್ಗಿಸಿ ಆಡುತ್ತಿದ್ದ ಮಾತನ್ನು ಆ ಪದ್ಯದ ಅರ್ಥ ಹೇಳುವಾಗ ಬಿಡುತ್ತೇನೆ. ನನ್ನದೇ ಸ್ವರ, ಹೊಟ್ಟೆಯಿಂದ, ಅವಸರವಿಲ್ಲದೆ. ಎದುರಿಗೆ ಕುಳಿತವರ ತಲೆ ಎತ್ತುವುದು ಅಲ್ಲೇ.

ಸಾಮಂತನ ಪ್ರಶ್ನೆಗೆ ಉತ್ತರ ಕೊಡುವುದು ಅವನದೇ ಓಲೆ. ಉಂಬಳಿಗೆ ಶಿಫಾರಸು ಬರೆದವನು ಅವನೇ ತಾನೆ? “ಹೊಳೆ ದಾಟುವಾಗ ಬಾವುಟ ಬೀಳಗೊಡದವನು, ಇರುಳು ಪಾಳೆಯಕ್ಕೆ ಬೆಂಕಿ ಬಿದ್ದಾಗ ಆನೆಸಾಲು ಬಿಡಿಸಿದವನು” ಎಂದು ಕರಣಿಕ ಓದುತ್ತಾನೆ, ನಾಯಕಿ ಪ್ರತಿ ಸಾಲಿಗೂ ಸಾಮಂತನತ್ತ ತಿರುಗಿ “ನೀವು ಕಂಡದ್ದು ಹೌದೋ ಅಲ್ಲವೋ?” ಎಂದು ಕೇಳುತ್ತಾಳೆ. ಅವನು ಹೌದೆನ್ನಲೇಬೇಕು. ಕಂಡದ್ದು ಕೈ, ಕಾಣದ್ದು ಹೆಸರು. ಅರ್ಜುನನ ದಶನಾಮದ ಸಾಲ ನಾನು ತೀರಿಸಿದ್ದು ಹೀಗೆ.

ಆಮೇಲೂ ಸಾಮಂತ ಬಿಡುವುದಿಲ್ಲ: ಅಧಿಕಾರವನ್ನು ಹೆಣ್ಣಿನ ಹೆಸರಿಗೆ ಬರೆದ ರೂಢಿ ಎಲ್ಲಿದೆ? ಇಲ್ಲಿ ನನಗೆ ನೆರವಾದದ್ದು ಶಿಕಾರಿಪುರ ಸೀಮೆಯ ಶಾಸನ. ಕ್ರಿ.ಶ. 911ರ ಹೊತ್ತಿಗೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ (ನಾಡಿನ ಮುಖ್ಯಾಧಿಕಾರಿ) ಆಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಕಲ್ಲಿನಲ್ಲಿ ಕೊರೆದಿರುವುದು ಅವಳದೇ ಹೆಸರು. ನನ್ನ ಪ್ರಸಂಗ ಕಾಲ್ಪನಿಕವಾದ್ದರಿಂದ ಆ ಹೆಸರನ್ನು ಅರಸನ ಬಾಯಿಗೆ ಹಾಕಲಿಲ್ಲ, “ಕಲ್ಲು ಒಪ್ಪಿದ್ದನ್ನು ಓಲೆ ಒಪ್ಪದೇ?” ಎಂದಷ್ಟೇ ಹೇಳಿಸಿದೆ. ಇತಿಹಾಸ ಬಲ್ಲವರು ಸಭೆಯಲ್ಲಿದ್ದರೆ ಆ ಮಾತಿಗೆ ಮುಖ ಅರಳುತ್ತದೆ.

ಅರಸನ ಪಾತ್ರಧಾರಿಯೊಂದಿಗೆ ಹೆಚ್ಚು ಕುಳಿತು ಮಾತಾಡಿದ್ದು ಕ್ಷಮೆಯ ಬಗ್ಗೆ. ಅವರು ಪದ್ಯಕ್ಕೆ ಆಶುವಾಗಿ ಮಾತು ಕಟ್ಟುವ ಅನುಭವಿ ಅರ್ಥಧಾರಿ. ಕನಿಕರ ಉಕ್ಕಿ “ನಿನ್ನ ತಪ್ಪನ್ನು ಮನ್ನಿಸಿದ್ದೇನೆ ಮಗೂ” ಎಂದುಬಿಟ್ಟರು. ಒಳ್ಳೆಯ ಅರಸ ಆಡುವ ಮಾತೇ ಅದು. ಆದರೆ ಮನ್ನಿಸಿದರೆ ತಪ್ಪು ಮಾಡಿದ್ದಾಳೆಂದು ಒಪ್ಪಿದಂತೆ. ಕ್ಷಮೆ ಪಡೆದವಳು ಬದುಕಿಕೊಳ್ಳುತ್ತಾಳೆ, ಮಾನ ಪಡೆಯುವುದಿಲ್ಲ. ಇದನ್ನು ಹೇಳಿದಾಗ ಅವರು ಆ ಮಾತನ್ನು ತೆಗೆಯಲಿಲ್ಲ, ಅದಕ್ಕಿಂತ ಒಳ್ಳೆಯದನ್ನು ಮಾಡಿದರು. “ಅರಸ ಮನ್ನಿಸಲಿ, ನೀನು ಬೇಡವೆನ್ನು. ಆಗ ಅವನಿಗೂ ಕಲಿಯಲು ಅವಕಾಶ ಸಿಗುತ್ತದೆ” ಎಂದರು. ಈಗ ದೃಶ್ಯದ ಅತಿ ಬಿಗಿಯಾದ ಜಾಗ ಅದೇ. ಅರಸನ ದಯೆಯನ್ನು ತುಂಬಿದ ಸಭೆಯಲ್ಲಿ ತಿರಸ್ಕರಿಸುವುದು ಯುದ್ಧಕ್ಕಿಂತ ದೊಡ್ಡ ಸಾಹಸ. ಪ್ರತಿ ಸಲವೂ ಅಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಅದಾದ ಮೇಲೆ ಮಾತು ಕಡಿಮೆ. ಅರಸ ರಥದಿಂದ ಇಳಿಯುತ್ತಾನೆ. ರಥವೆಂದರೆ ರಂಗದ ಮೇಲಿನ ಆ ಒಂದೇ ಆಸನ. ಸಿಂಹಾಸನವೂ ಅದೇ, ತೇರೂ ಅದೇ. ತಮ್ಮನ ಹೆಸರು ಅಳಿಸಿ ಅವಳ ಹೆಸರು ಬರೆಯುವಂತೆ ಕರಣಿಕನಿಗೆ ಹೇಳಿ, ಓಲೆ ಬರೆದು ಮುಗಿಯುವವರೆಗೆ ಅವಳನ್ನು ಅಲ್ಲಿ ಕೂರಿಸಿ ತಾನು ನಿಲ್ಲುತ್ತಾನೆ. ಸಾಮಂತನೂ ನಿಲ್ಲಲೇಬೇಕು. ಚಂಡೆ ಆಗ ಮತ್ತೆ ಶುರುವಾಗುತ್ತದೆ, ಯುದ್ಧದ ದೃಶ್ಯದಲ್ಲಿ ಅವಳಿಗೆ ಬಾರಿಸಿದ್ದ ಅದೇ ಬಿಡ್ತಿಗೆ, ಅದೇ ಪೆಟ್ಟುಗಳ ಗತ್ತು.

ಈ ದೃಶ್ಯವನ್ನು ಆಡಬಯಸುವ ತಂಡಗಳಿಗೆ ಒಂದು ಮಾತು: ನಾಯಕಿಗೆ ಕುಣಿತ ಬಲ್ಲವರು ಸಾಕಷ್ಟು ಸಿಗುತ್ತಾರೆ, ಸಾಮಂತನ ಪಾತ್ರಕ್ಕೆ ಮಾತು ಬಲ್ಲವರನ್ನೇ ಹುಡುಕಿ. ಅವನು ಸಡಿಲವಾದರೆ ಅವಳಿಗೆ ಗೆಲ್ಲಲು ಏನೂ ಉಳಿಯುವುದಿಲ್ಲ.