ಚಾಲಕರ ಗಡಿಯಾರಕ್ಕೆ ಹೊಂದಿಸಿದ ವೈಲೆ ಪ್ರವಾಸ

ಕೋಪನ್‌ಹೇಗನ್‌ನಲ್ಲಿ ನೆಲೆಸಿರುವ ನಾವು ಕೆಲವು ಕನ್ನಡ ಕುಟುಂಬಗಳು, ಊರಿನಿಂದ ಬಂದಿದ್ದ ತಂದೆತಾಯಂದಿರನ್ನೂ ಕೂಡಿಕೊಂಡು ಜೂನ್ ತಿಂಗಳ ಒಂದು ಶನಿವಾರ ವೈಲೆಗೆ ಹೋಗಿಬಂದೆವು. ಡೆನ್ಮಾರ್ಕಿನ ಯೂಟ್‌ಲಂಡ್ ಪರ್ಯಾಯದ್ವೀಪದ ಪೂರ್ವ ಕರಾವಳಿಯಲ್ಲಿ, ಅದೇ ಹೆಸರಿನ ಫ್ಯೋರ್ಡ್‌ನ (ನೆಲದೊಳಕ್ಕೆ ಚಾಚಿದ ಕಡಲ ತೋಳಿನ) ಒಳತುದಿಗೆ ಇರುವ ಊರು ಅದು. ಒಟ್ಟು 43 ಜನ. ಅವರಲ್ಲಿ 11 ಮಂದಿ ಅರವತ್ತೈದು ದಾಟಿದವರು. ರೈಲಿನಲ್ಲೂ ಹೋಗಬಹುದಿತ್ತಾದರೂ, ಊಟದ ಡಬ್ಬಿ, ಊರುಗೋಲು, ಮಕ್ಕಳ ತಳ್ಳುಗಾಡಿಗಳ ಲೆಕ್ಕ ಹಾಕಿದ ಮೇಲೆ ಬಸ್ಸೇ ವಾಸಿ ಎನಿಸಿತು, ಏರ್ಪಾಡಿನ ಹೊಣೆ ನನ್ನ ಪಾಲಿಗೆ ಬಂತು.

ನಾನು ಮಾಡಿದ ಮೊದಲ ತಪ್ಪು ಫೋನಿನ ನಕ್ಷೆಯನ್ನು ನಂಬಿದ್ದು. ಅದು ತೋರಿಸಿದ ಎರಡೂವರೆ ಗಂಟೆ ಕಾರಿನ ಲೆಕ್ಕ. ಡೆನ್ಮಾರ್ಕಿನ ಹೆದ್ದಾರಿಯಲ್ಲಿ ಬಸ್ಸಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ. ‘ಟೆಂಪೊ 100’ ಎಂಬ ಅನುಮೋದನೆ ಪಡೆದ ಬಸ್ಸಿಗೆ ಮಾತ್ರ 100. ನಮಗೆ ಸಿಕ್ಕಿದ ಬಸ್ಸಿಗೆ ಆ ಅನುಮೋದನೆ ಇರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನನ್ನ ಪಟ್ಟಿಯಲ್ಲಿ ವೈಲೆ, ಯೆಲಿಂಗ್, ಬಿಲುಂಡ್‌ನ ಲೆಗೊಲ್ಯಾಂಡ್ ಎಂಬ ಮಕ್ಕಳ ಮನರಂಜನಾ ಉದ್ಯಾನ ಮೂರೂ ಇದ್ದವು. ಅದನ್ನು ನೋಡಿದ ಬಸ್ ಕಂಪನಿಯ ಹೆಂಗಸು ಫೋನ್ ಮಾಡಿ, ಇದಕ್ಕೆ ಇಬ್ಬರು ಚಾಲಕರು ಬೇಕಾಗುತ್ತಾರೆ ಎಂದು ಸಮಾಧಾನದಿಂದಲೇ ತಿಳಿಸಿದರು.

ಯುರೋಪಿನ ನಿಯಮದಂತೆ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬಿಡುವು ತೆಗೆದುಕೊಳ್ಳಲೇಬೇಕು. ನಾವು ಹೋದಾಗ ಅದನ್ನು ಮೊದಲು 15, ಆಮೇಲೆ 30 ಎಂದು ಎರಡಾಗಿ ಒಡೆಯಬಹುದಿತ್ತು (ಪ್ರವಾಸಿ ಬಸ್ಸುಗಳಿಗೆ ಈ ಹಂಚಿಕೆ 2024ರಲ್ಲಿ ಸಡಿಲವಾಯಿತು). ದಿನಕ್ಕೆ 11 ಗಂಟೆಯ ವಿಶ್ರಾಂತಿ ಸಿಗಬೇಕೆಂದರೆ, ಬೆಳಿಗ್ಗೆ ಡಿಪೋದಲ್ಲಿ ಬಸ್ಸು ತೆಗೆದುಕೊಂಡಲ್ಲಿಂದ ಮತ್ತೆ ತಂದು ನಿಲ್ಲಿಸುವವರೆಗೆ 13 ಗಂಟೆ ಮೀರುವಂತಿಲ್ಲ. ವಿಶ್ರಾಂತಿಯನ್ನು ಕಡಿತಗೊಳಿಸಲು ವಾರದಲ್ಲಿ ಕೆಲವು ಸಲ ಅವಕಾಶವಿದೆ, ಆದರೆ ನಮ್ಮ ಮೋಜಿಗಾಗಿ ಇನ್ನೊಬ್ಬರ ನಿದ್ದೆ ಕತ್ತರಿಸುವುದು ನನಗೆ ಸರಿಕಾಣಲಿಲ್ಲ. ಹೀಗಾಗಿ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗಿನ ಒಂದು ಚೌಕಟ್ಟು ಹಾಕಿಕೊಂಡು, ಅದರೊಳಗೆ ಹಿಡಿಸಿದ್ದನ್ನು ಮಾತ್ರ ಉಳಿಸಿಕೊಂಡೆ. ಲೆಗೊಲ್ಯಾಂಡ್ ಬಿದ್ದುಹೋಯಿತು, ಮಕ್ಕಳು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಊಟಕ್ಕೆ ಪುಳಿಯೋಗರೆ, ಮೊಸರನ್ನ. ಮೂರು ಮನೆಗಳಲ್ಲಿ ಹಂಚಿಕೊಂಡು ಮಾಡಿ, ಡಬ್ಬಿಗಳಿಗೆ ಮನೆಯ ಹೆಸರು ಬರೆದು ಬಸ್ಸಿನ ಕೆಳಗಿನ ಸಾಮಾನು ಖಾನೆಯಲ್ಲಿ ಇಟ್ಟೆವು. ಸೇತುವೆಯ ಸುಂಕ ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನು ಮಾತ್ರ ಬರಹದಲ್ಲಿ ಕೇಳಿ ಪಡೆದಿದ್ದೆ.

ಗ್ರೇಟ್ ಬೆಲ್ಟ್ ಜಲಸಂಧಿ ದಾಟುವಾಗ ನಿದ್ದೆಯಲ್ಲಿದ್ದವರನ್ನೆಲ್ಲ ಎಬ್ಬಿಸಿದೆವು. 1998ರಲ್ಲಿ ವಾಹನಗಳಿಗೆ ತೆರೆದ ಈ ಮಾರ್ಗದ ಪೂರ್ವದ ತೂಗುಸೇತುವೆಯಲ್ಲಿ ಎರಡು ಗೋಪುರಗಳ ನಡುವಿನ ಅಂತರವೇ 1,624 ಮೀಟರ್. ಆಮೇಲೆ ಫ್ಯೂನ್ ದ್ವೀಪದಲ್ಲಿ 20 ನಿಮಿಷ ನಿಂತೆವು. ಹಿರಿಯರ ಶೌಚಕ್ಕೆಂದು ನಾನು ಗೊತ್ತುಮಾಡಿದ್ದ ಆ ನಿಲುಗಡೆಯೇ ಚಾಲಕರ ಬಿಡುವಿನ ಮೊದಲ ತುಂಡೂ ಆಯಿತು.

ಫ್ಯೋರ್ಡ್ ಎಂದರೆ ನಾರ್ವೆಯ ಕಡಿದಾದ ಬಂಡೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದವರು ಹಲವರಿದ್ದರು. ಈ ದೇಶದ ಅತಿ ಎತ್ತರದ ನೆಲವೇ ಸುಮಾರು 171 ಮೀಟರ್ ಎಂದು ಮೊದಲೇ ಹೇಳಿಡಬೇಕಿತ್ತು. ಹಿಮಯುಗ ಬಿಟ್ಟುಹೋದ ತಗ್ಗಿಗೆ ಸಮುದ್ರ ನುಗ್ಗಿ ಆದ ಅಗಲವಾದ ನೀರು, ಎರಡೂ ದಡದಲ್ಲಿ ಕಾಡು ಹೊದ್ದ ದಿಬ್ಬಗಳು. “ಇದೇನಪ್ಪಾ, ಹೊಳೆಬಾಗಿಲಿನ ಹಿನ್ನೀರು ಇದ್ದ ಹಾಗೇ ಇದೆ” ಎಂದರು ಸಾಗರದ ಕಡೆಯ ಅಜ್ಜಿಯೊಬ್ಬರು. ಅವರಿಗೆ ನಿರಾಸೆಯೇನೂ ಆದಂತೆ ಕಾಣಲಿಲ್ಲ.

ಬಂದರಿನಲ್ಲಿ ನೀರಿನೊಳಗಿನಿಂದಲೇ ಎದ್ದು ನಿಂತಿರುವ ಫ್ಯೋರ್ಡೆನ್‌ಹೂಸ್ ಎಂಬ ಇಟ್ಟಿಗೆಯ ಕಟ್ಟಡ ನೋಡುತ್ತಿದ್ದಾಗ ಗಾಳಿಯೊಡನೆ ಮಳೆ ಬಡಿಯಿತು. ಬಸ್ಸನ್ನು ಹತ್ತಿರಕ್ಕೆ ತರುವಂತೆ ಚಾಲಕರಿಗೆ ಫೋನ್ ಮಾಡಿದೆ. ಅವರು ಓಡಿಸಿದ, ಬಿಡುವಿನ ಹೊತ್ತನ್ನು ದಾಖಲಿಸುವ ಟ್ಯಾಕೋಗ್ರಾಫ್ ಯಂತ್ರ ನೋಡಿ, “ಇನ್ನು ಎಂಟು ನಿಮಿಷ” ಎಂದರು. ಆಗ ಬಸ್ಸು ಕದಲಿಸಿದ್ದರೆ 22 ನಿಮಿಷದ ಬಿಡುವು ಲೆಕ್ಕಕ್ಕೆ ಬಾರದೆ ಮತ್ತೆ ಮೊದಲಿನಿಂದ ಕೂರಬೇಕಾಗುತ್ತಿತ್ತು. 43 ಜನ ಗೋಡೆಗೆ ಒರಗಿ ನೆನೆದೆವು. ಮಾವನವರೊಬ್ಬರು ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಮರೆಯಾಗಿ ನಿಲ್ಲಲು ಒಂದು ಜಾಗವನ್ನು ಮೊದಲೇ ಗುರುತು ಮಾಡಿಡದದ್ದು ನನ್ನದೇ ಲೋಪ.

ಯೆಲಿಂಗ್ ಅಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್. ಇಗರ್ಜಿಯ ಎದುರಿಗೆ, ಗಾಜಿನ ಕವಚದೊಳಗೆ ಎರಡು ಶಾಸನಗಲ್ಲುಗಳಿವೆ. ದೊಡ್ಡದನ್ನು ಹತ್ತನೆಯ ಶತಮಾನದಲ್ಲಿ ದೊರೆ ಹರಾಲ್ಡ್ ‘ನೀಲಿಹಲ್ಲು’ ತನ್ನ ತಂದೆತಾಯಿಗಳ ನೆನಪಿಗೆ ನಿಲ್ಲಿಸಿದ. ಬ್ಲೂಟೂತ್ ಎಂಬ ಹೆಸರು ಬಂದದ್ದು ಅವನಿಂದಲೇ. ಫೋನಿನಲ್ಲಿ ಕಾಣುವ ಗುರುತು ಅವನ ಹೆಸರಿನ ಎರಡು ರೂನ್ (ಆ ಕಾಲದ ಲಿಪಿಯ) ಅಕ್ಷರಗಳ ಜೋಡಣೆ. ಅದನ್ನು ಹೇಳಿದ ಕೂಡಲೇ ಮಾತು ಬಿಟ್ಟಿದ್ದ ಮಕ್ಕಳು ಫೋನು ಹಿಡಿದು ಕಲ್ಲಿನ ಸುತ್ತ ಅಕ್ಷರ ಹುಡುಕತೊಡಗಿದರು.

ಸಂಜೆ 7.35ಕ್ಕೆ ಕೊನೆಯ ಕುಟುಂಬ ಇಳಿಯಿತು, ಬಿಸಿಲು ಇನ್ನೂ ಚೆನ್ನಾಗಿತ್ತು. ಉಳಿದಿದ್ದ ಒಂದು ಡಬ್ಬಿ ಪುಳಿಯೋಗರೆಯನ್ನು ಚಾಲಕರ ಕೈಗಿತ್ತೆ. ಡಿಪೋ ಸೇರಲು ಅವರಿಗೆ ಇನ್ನೂ 25 ನಿಮಿಷ ಇತ್ತು.