ಬೆಂಕಿಗಿಂತ ಮೊದಲು ಗಾಳಿಯ ಲೆಕ್ಕ

ಅಗ್ನಿಶಾಮಕ ಠಾಣೆಯಲ್ಲಿ ಪೂರ್ಣಾವಧಿ ಕೆಲಸ ಎಂದ ಕೂಡಲೇ ಎದುರಾಗುವ ಪ್ರಶ್ನೆ, ಬೆಂಕಿ ಬೀಳದ ದಿನ ಏನು ಮಾಡುತ್ತೀರಿ ಎನ್ನುವುದು. ಏಣಿ, ಪಂಪ್, ಹೋಸ್ ಪೈಪ್‌ಗಳ ತಪಾಸಣೆ, ಅಭ್ಯಾಸ, ಕಟ್ಟಡಗಳ ಪರಿಶೀಲನೆ ಎಂದು ಪಟ್ಟಿ ಕೊಡಬಹುದು. ನಾನು ಮಾತ್ರ ಹೊಗೆಯೊಳಗೆ ಹೋಗುವಾಗ ತೊಡುವ ಉಸಿರಾಟದ ಸೆಟ್‌ನಿಂದ ಶುರು ಮಾಡುತ್ತೇನೆ.

ಪಾಳಿ ಬದಲಾದ ತಕ್ಷಣ ಮೊದಲು ಕೈಗೆತ್ತಿಕೊಳ್ಳುವುದು ಅದನ್ನೇ. ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್‌ನಲ್ಲಿ ಆಮ್ಲಜನಕ ಇರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇರುವುದು ಎಲ್ಲರೂ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೇ. 6.8 ಲೀಟರ್ ಗಾತ್ರದ ಸಿಲಿಂಡರ್‌ನಲ್ಲಿ 300 ಬಾರ್ ಒತ್ತಡಕ್ಕೆ ಸುಮಾರು 2,000 ಲೀಟರ್ ಗಾಳಿ ಹಿಡಿಯುತ್ತದೆ. ಕವಾಟ ತೆರೆದು ಒತ್ತಡ ಮಾಪಕದ ಮುಳ್ಳು ಎಲ್ಲಿ ನಿಂತಿತೆಂದು ನೋಡುತ್ತೇನೆ. ಮತ್ತೆ ಮುಚ್ಚಿ ಕಾಯುತ್ತೇನೆ. ಮುಳ್ಳು ಇಳಿಯತೊಡಗಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಕೊಳವೆಯಲ್ಲಿ ಉಳಿದ ಗಾಳಿಯನ್ನು ನಿಧಾನವಾಗಿ ಹೊರಬಿಟ್ಟು, ಗಾಳಿ ಮುಗಿಯುತ್ತ ಬಂದಾಗ ಮೊಳಗುವ ಎಚ್ಚರಿಕೆಯ ಸೀಟಿ ಸರಿಯಾದ ಹಂತದಲ್ಲಿ ಕೂಗುತ್ತದೆಯೇ ಎಂದು ಕಿವಿಗೊಡುತ್ತೇನೆ. ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡವಿದ್ದರೆ ಕೂರುವುದಿಲ್ಲ, ಹಾಗಾಗಿ ಕ್ಷೌರವೂ ಕರ್ತವ್ಯದ ಭಾಗವೇ!

ನಿಮಿಷಕ್ಕೆ 40 ಲೀಟರ್ ಖರ್ಚು ಎಂದು ಹಿಡಿದರೆ ಆ ಗಾಳಿ 50 ನಿಮಿಷ ಬರಬೇಕು. ಮೆಟ್ಟಿಲು ಹತ್ತಿ, ನೀರು ತುಂಬಿ ಭಾರವಾದ ಪೈಪ್ ಎಳೆದು, ಪ್ರಜ್ಞೆ ತಪ್ಪಿದವರನ್ನು ಹೊತ್ತು ತರುವಾಗ ಅದು ಕಾಗದದ ಲೆಕ್ಕವಾಗಿಯೇ ಉಳಿಯುತ್ತದೆ. ಸೀಟಿ ಕೂಗಿದ ಮೇಲೆ ಹೊರಡೋಣ ಎನ್ನುವಂತಿಲ್ಲ. ಅದು ಕೂಗುವ ಹೊತ್ತಿಗೆ ನಾವು ಹೊರಗಿರಬೇಕು. ಬಾಗಿಲ ಬಳಿ ಫಲಕ ಹಿಡಿದು, ಒಳಹೋದವರ ಹೆಸರು, ಒತ್ತಡ, ಹೋದ ಸಮಯ ಬರೆದುಕೊಳ್ಳುವ ಒಬ್ಬರಿರುತ್ತಾರೆ. ಫೋಟೊದಲ್ಲಿ ಅವರು ಕಾಣುವುದೇ ಇಲ್ಲ. ನನ್ನ ಮಟ್ಟಿಗೆ ಆ ಜಾಗದಲ್ಲಿ ಅವರಿಗಿಂತ ದೊಡ್ಡ ಜವಾಬ್ದಾರಿ ಯಾರಿಗೂ ಇಲ್ಲ.

ಒಳಗೆ ಹೋಗುವುದು ಇಬ್ಬಿಬ್ಬರಾಗಿ. ದಟ್ಟ ಹೊಗೆಯಲ್ಲಿ ಕಣ್ಣಿನ ಆಸೆ ಬಿಟ್ಟು ಒಂದು ಕೈಯನ್ನು ಗೋಡೆಗೆ ಹಚ್ಚಿ, ತಗ್ಗಿಕೊಂಡು ಸಾಗುತ್ತೇವೆ. ಮಂಚದ ಕೆಳಗೆ, ಬೀರುವಿನೊಳಗೆ ತಡಕಲೇಬೇಕು; ಹೆದರಿದ ಮಕ್ಕಳು ಓಡುವುದಕ್ಕಿಂತ ಅವಿತುಕೊಳ್ಳುವುದೇ ಹೆಚ್ಚು. ಮುಚ್ಚಿದ ಬಾಗಿಲನ್ನು ಧಡಕ್ಕನೆ ತೆರೆಯುವುದಿಲ್ಲ. ಗಾಳಿಯಿಲ್ಲದೆ ಉಸಿರುಗಟ್ಟಿದ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ಕರೆ ಸ್ಫೋಟದಂತೆ ಹೊರಗೆ ನುಗ್ಗುತ್ತದೆ. ನೀರು ಹೊಡೆಯುವುದಕ್ಕೂ ಅಳತೆಯಿದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್‌ನಷ್ಟು ಹಿಗ್ಗುತ್ತದೆ. ಮುಚ್ಚಿದ ಕೋಣೆಯಲ್ಲಿ ಮನಬಂದಂತೆ ನೀರು ಸುರಿದರೆ ಬೇಯುವವರು ನಾವೇ, ಒಳಗೆ ಸಿಕ್ಕಿಬಿದ್ದವರೂ ಹೌದು. ಹೊರಗೆ ನಿಂತು "ಇನ್ನಷ್ಟು ನೀರು ಹಾಕಿ" ಎಂದು ಕೂಗುವವರಿಗೆ ಇದನ್ನೆಲ್ಲ ವಿವರಿಸುವಷ್ಟು ಪುರುಸೊತ್ತು ಇರುವುದಿಲ್ಲ.

ಬೆಂಕಿಯಲ್ಲದ ಕರೆಗಳೂ ಬೇಕಾದಷ್ಟು: ರಸ್ತೆ ಅಪಘಾತದಲ್ಲಿ ನಜ್ಜುಗುಜ್ಜಾದ ವಾಹನ ಕತ್ತರಿಸುವುದು, ನಿಂತುಹೋದ ಲಿಫ್ಟ್, ಪ್ರವಾಹ, ಅನಿಲ ಸೋರಿಕೆ.

ಜ್ವಾಲೆ ಅಡಗಿದ ಮೇಲಿನ ದುಡಿಮೆ ಬೇಸರದ್ದು, ಆದರೆ ತಪ್ಪಿಸುವಂತಿಲ್ಲ. ಹಾಸಿಗೆ, ಬಟ್ಟೆಯ ರಾಶಿ, ಫಾಲ್ಸ್ ಸೀಲಿಂಗ್ ಎಲ್ಲವನ್ನೂ ಕಿತ್ತು, ಕೆದಕಿ, ಒಳಗೆ ಕೆಂಡ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹೊಗೆ ತಿಳಿಯಾಯಿತೆಂದು ಮಾಸ್ಕ್ ಕಳಚುವ ಚಪಲ ಹುಟ್ಟುವುದೂ ಆಗಲೇ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮೇಲಾಗಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದರ ಸಾಲಿಗೆ ಸೇರಿಸಿದೆ. ಮಸಿ ಮೆತ್ತಿದ ಕೋಟನ್ನು ಶೌರ್ಯದ ಗುರುತಾಗಿ ಮೆರೆಸುವವರು ಇನ್ನೂ ಇದ್ದಾರೆ. ನನ್ನ ಜೊತೆಗಿರುವ ಹೊಸಬರಿಗೆ ಅಂಥ ಕೋಟು ತೊಟ್ಟು ವಾಹನದ ಕ್ಯಾಬಿನ್ ಹತ್ತಲು ನಾನು ಬಿಡುವುದಿಲ್ಲ. ಅಲ್ಲೇ ನೀರು ಹೊಡೆಸಿಕೊಂಡು, ಕಳಚಿ, ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ಗೊಣಗುತ್ತಾರೆ, ಗೊಣಗಲಿ.